ಕಾದ ಕಬ್ಬಿಣದ ನ್ಯಾಯ: ಆಟವಾಡಿ ಕಲಿತ ಒಂದು ಚರಿತ್ರೆ



ಮಧ್ಯಯುಗದ ಯೂರೋಪಿನಲ್ಲಿ ಒಬ್ಬನ ಮೇಲೆ ಕೊಲೆಯ ಆರೋಪ ಬಂದು, ಕಣ್ಣಾರೆ ಕಂಡವರು ಯಾರೂ ಸಿಗದಿದ್ದರೆ ಏನು ಮಾಡುತ್ತಿದ್ದರು? ತೀರ್ಪನ್ನು ದೇವರಿಗೆ ಬಿಡುತ್ತಿದ್ದರು. ನಮ್ಮ ನಾಡಿನ ಹಳೆಯ ಧರ್ಮಶಾಸ್ತ್ರಗಳಲ್ಲಿ ಇಂಥ ಪರೀಕ್ಷೆಗೆ 'ದಿವ್ಯ' ಎಂದು ಹೆಸರು. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ 'ಮಿತಾಕ್ಷರ'ದಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ ಮುಂತಾದ ದಿವ್ಯಗಳನ್ನು ವಿವರಿಸಿದ್ದಾನೆ. ಸಾಕ್ಷಿ, ದಾಖಲೆ ಸಿಗದಾಗ ಮಾತ್ರ ದಿವ್ಯ ಎಂಬ ನಿಯಮವೂ ಅಲ್ಲಿದೆ. ನಮ್ಮ ಕಾಸರಗೋಡಿನ ಕಡೆ ಜಗಳ ಬಗೆಹರಿಯದಿದ್ದರೆ ಆಣೆ ಪ್ರಮಾಣಕ್ಕೆ ಕರೆಯುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಹಾಗಾಗಿ ಯೂರೋಪಿನ ಪದ್ಧತಿ ನಮಗೆ ತೀರಾ ಅಪರಿಚಿತವಲ್ಲ. ಆದರೆ ಅಲ್ಲಿ ಅದನ್ನು ಮುಂದೆ ನಿಂತು ನಡೆಸುತ್ತಿದ್ದವರು ನಮ್ಮದೇ ಧರ್ಮಸಭೆಯ ಗುರುಗಳು.

ಈ ಚರಿತ್ರೆಯನ್ನು ಭಾಷಣ ಮಾಡಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ಕ್ರೈಸ್ತ ಶಿಕ್ಷಣದ ದೊಡ್ಡ ತರಗತಿಯಲ್ಲಿ ನಾವು ಇದನ್ನು ಪಾತ್ರ ಹಂಚಿ ಆಟವಾಗಿ ಆಡಿಸಿದೆವು.

ಆಟದ ಮೊಕದ್ದಮೆ

ಮೊಕದ್ದಮೆ ನಮ್ಮ ಕಲ್ಪನೆಯದಲ್ಲ. 12ನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನಲ್ಲಿ ಪಾಠ ಹೇಳುತ್ತಿದ್ದ ಪೀಟರ್ ಎಂಬ ದೇವಶಾಸ್ತ್ರಜ್ಞರು ಅದನ್ನು ಬರೆದಿಟ್ಟಿದ್ದಾರೆ. ಕಥೀಡ್ರಲಿನ ಗಾಯನದ ಮುಖ್ಯಸ್ಥರಾಗಿದ್ದುದರಿಂದ ಅವರನ್ನು 'ಪೀಟರ್ ದ ಚಾಂಟರ್' ಎನ್ನುತ್ತಾರೆ. ಇಬ್ಬರು ಇಂಗ್ಲಿಷ್ ಯಾತ್ರಿಕರು ಜೆರುಸಲೇಮಿಗೆ ಹೋಗಿದ್ದರು. ಊರಿಗೆ ಮರಳಿದ್ದು ಒಬ್ಬನೇ. ಜೊತೆಗಾರನನ್ನು ನೀನೇ ಕೊಂದಿದ್ದೀಯ ಎಂದು ಇನ್ನೊಬ್ಬನ ಕಡೆಯವರು ದೂರು ಕೊಟ್ಟರು. ನಮ್ಮ ಮಕ್ಕಳಿಗೆ ಇಷ್ಟನ್ನೇ ಹೇಳಿದೆವು, ಮುಂದಿನದನ್ನು ಮುಚ್ಚಿಟ್ಟೆವು.

ಪಾತ್ರಗಳು: ಆರೋಪಿ, ದೂರುದಾರ, ರಾಜನ ಅಧಿಕಾರಿ, ಊರಿನ ಗುರು, ಉಳಿದವರೆಲ್ಲ ನೆರೆಹೊರೆಯವರು. ಎರಡು ಗುಂಪು, ಎರಡು ಕೋಣೆ. ಒಂದು ಕೋಣೆಯ ಆರೋಪಿ ಊರಿಗೆ ಬೇಕಾದವನು, ಇನ್ನೊಂದು ಕೋಣೆಯವನು ಸಾಲಗಾರ, ಜಗಳಗಂಟ. ಬೇರೆಲ್ಲವೂ ಒಂದೇ.

ಮೊದಲ ಸುತ್ತು: 1215ಕ್ಕಿಂತ ಮೊದಲು

ಆಗ ಮುಖ್ಯವಾಗಿ ಎರಡು ಬಗೆಯ ಪರೀಕ್ಷೆಗಳಿದ್ದವು. ನೀರಿನದರಲ್ಲಿ ಆರೋಪಿಯನ್ನು ಕಟ್ಟಿ, ಗುರುಗಳು ಆಶೀರ್ವದಿಸಿದ ನೀರಿಗೆ ಇಳಿಸುತ್ತಿದ್ದರು. ಮುಳುಗಿದರೆ ಪವಿತ್ರ ನೀರು ಅವನನ್ನು ಸ್ವೀಕರಿಸಿತು, ಅವನು ನಿರಪರಾಧಿ. ತೇಲಿದರೆ ಅಪರಾಧಿ. ಕಬ್ಬಿಣದ ಪರೀಕ್ಷೆಯಲ್ಲಿ ಪೂಜೆ, ಪ್ರಾರ್ಥನೆಯ ನಂತರ ಕಾದ ಕಬ್ಬಿಣವನ್ನು ಹಿಡಿದು ಒಂಬತ್ತು ಅಡಿ ನಡೆಯಬೇಕು. ಕೈಗೆ ಬಟ್ಟೆ ಸುತ್ತಿ ಮುದ್ರೆ ಒತ್ತುತ್ತಾರೆ. ಮೂರನೆಯ ದಿನ ಬಿಚ್ಚಿ ನೋಡಿದಾಗ ಗಾಯ ಮಾಗುತ್ತಿದ್ದರೆ ಬಿಡುಗಡೆ, ಕೀವು ತುಂಬಿದ್ದರೆ ಶಿಕ್ಷೆ.

ಪೀಟರ್ ಹೇಳಿದ ಮೊಕದ್ದಮೆಯಲ್ಲಿ ನಡೆದದ್ದು ನೀರಿನ ಪರೀಕ್ಷೆ. ಆಟಕ್ಕೆ ನಾವು ಕಬ್ಬಿಣವನ್ನು ಆರಿಸಿಕೊಂಡೆವು. ಕಾರಣ, ಸುಟ್ಟ ಗಾಯ ಮೂರನೇ ದಿನಕ್ಕೆ ಹೀಗೇ ಎಂದು ಸ್ಪಷ್ಟವಾಗಿ ಹೇಳುವುದು ಕಷ್ಟ. ವಿಜ್ಞಾನ ಓದಿದವರಿಗೆ ಇದು ಗೊತ್ತು. ಎರಡೂ ಕೋಣೆಯ 'ಗುರು'ಗಳಿಗೆ ಒಂದೇ ಗಾಯದ ಚಿತ್ರ ಕೊಟ್ಟೆವು, ಬೇಕೆಂದೇ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವಂತೆ ಬಣ್ಣ ಬಳಿದದ್ದು. ಊರಿಗೆ ಬೇಕಾದವನ ಗಾಯ ಮಾಗುತ್ತಿದೆ ಎಂದಾಯಿತು. ಜಗಳಗಂಟನ ಗಾಯದಲ್ಲಿ ಕೀವು ಕಂಡಿತು.

ಚರಿತ್ರೆಯಲ್ಲೂ ಇದಕ್ಕೆ ಹತ್ತಿರದ ಸುಳಿವುಗಳಿವೆ. ಹಂಗೇರಿಯ ವಾರದ್ ಕಥೀಡ್ರಲಿನಲ್ಲಿ 1208ರಿಂದ 1235ರವರೆಗಿನ ಪರೀಕ್ಷೆಗಳ ದಾಖಲೆ ಉಳಿದಿದೆ. ಕೊನೆಯವರೆಗೂ ನಡೆದ 208 ಕಬ್ಬಿಣದ ಪರೀಕ್ಷೆಗಳಲ್ಲಿ 130 ಜನ ಪಾರಾದರು. ಕಾದ ಕಬ್ಬಿಣ ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾರಾದರು ಎಂದರೆ, ಬಟ್ಟೆ ಬಿಚ್ಚಿದ ಗುರುಗಳ ಕಣ್ಣಿನಲ್ಲಿ ಕರುಣೆಯೂ ಇದ್ದಿರಬೇಕು. ಆದರೆ ಹೆಸರು ಕೆಟ್ಟವನಿಗೆ ಪರೀಕ್ಷೆ ಗೆದ್ದರೂ ಬಿಡುಗಡೆ ಇರಲಿಲ್ಲ. ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ 1166ರಲ್ಲಿ ಕ್ಲಾರೆಂಡನ್ ಎಂಬಲ್ಲಿ ಹೊರಡಿಸಿದ ಶಾಸನದ ಪ್ರಕಾರ, ನೀರಿನ ಪರೀಕ್ಷೆಯಲ್ಲಿ ಪಾರಾದರೂ ಊರವರು ಕೆಟ್ಟವನೆನ್ನುವ ವ್ಯಕ್ತಿ ರಾಜ್ಯ ಬಿಟ್ಟು ಹೋಗಬೇಕಿತ್ತು. ದೇವರು ಬಿಟ್ಟರೂ ಊರು ಬಿಡಲಿಲ್ಲ.

ಎರಡನೇ ಸುತ್ತು: ಗುರುಗಳಿಲ್ಲದ ಕಟಕಟೆ

1215ರ ನವೆಂಬರಿನಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ರೋಮಿನಲ್ಲಿ ನಾಲ್ಕನೇ ಲ್ಯಾಟರನ್ ಮಹಾಸಭೆಯನ್ನು ಕರೆದರು. ನಾನೂರಕ್ಕೂ ಹೆಚ್ಚು ಧರ್ಮಾಧ್ಯಕ್ಷರು ಸೇರಿದ್ದರು. ಪೋಪ್ ಸ್ವತಃ ಪ್ಯಾರಿಸಿನಲ್ಲಿ ದೇವಶಾಸ್ತ್ರ ಓದಿದವರು. ಪರೀಕ್ಷೆಗೆ ಇಡುವ ನೀರನ್ನಾಗಲಿ ಕಬ್ಬಿಣವನ್ನಾಗಲಿ ಯಾವ ಗುರುವೂ ಆಶೀರ್ವದಿಸಬಾರದು ಎಂದು ಸಭೆಯ 18ನೇ ನಿಯಮ ಹೇಳಿತು. ದೇವಾಲಯದ ತುದಿಯಿಂದ ಜಿಗಿ ಎಂದು ಸೈತಾನ ಹೇಳಿದಾಗ ಯೇಸು ದೇವರನ್ನು ಪರೀಕ್ಷಿಸಲು ಒಪ್ಪದ ಪ್ರಸಂಗ ನಮಗೆಲ್ಲ ಗೊತ್ತು. ಈ ಪರೀಕ್ಷೆಗಳನ್ನು ವಿರೋಧಿಸಿದವರ ಮುಖ್ಯ ವಾದವೂ ಅದೇ: ನಾವು ಕರೆದಾಗಲೆಲ್ಲ ಪವಾಡ ಮಾಡು ಎಂದು ದೇವರನ್ನು ಕಟ್ಟಿಹಾಕುವಂತಿಲ್ಲ. ಆಶೀರ್ವಾದವಿಲ್ಲದ ಕಬ್ಬಿಣ ಬರೀ ಕಬ್ಬಿಣ. 1219ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರಿಗೂ ಆದೇಶ ಹೋಯಿತು: ರೋಮಿನ ನಿಷೇಧ ಇರುವುದರಿಂದ ಈ ಪರೀಕ್ಷೆಗಳು ಬೇಡ. ಮುಂದೆ ಅಲ್ಲಿ ನೆರೆಹೊರೆಯ ಹನ್ನೆರಡು ಜನರ ತೀರ್ಪು ಆ ಜಾಗಕ್ಕೆ ಬಂತು.

ನಮ್ಮ ಆಟದಲ್ಲೂ ಗುರುವನ್ನು ಎಬ್ಬಿಸಿ ಕಳಿಸಿದೆವು, ಹನ್ನೆರಡು ಜನರನ್ನು ಬೆಂಚಿನ ಮೇಲೆ ಕೂರಿಸಿದೆವು. ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಳು ಕೇಳಿದಳು: "ಅವನು ಸತ್ತಿದ್ದಾನೆ ಅಂತ ಹೇಳಿದ್ದು ಯಾರು? ಹೆಣ ಸಿಕ್ಕಿದೆಯಾ?"

ಮೊದಲ ಸುತ್ತಿನಲ್ಲಿ ಎರಡೂ ಕೋಣೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಬ್ಬಿಣ ಇದ್ದಾಗ ಕೇಳುವ ಅಗತ್ಯವೇ ಕಾಣಲಿಲ್ಲ. ಹೊಣೆ ತಮ್ಮ ಮೇಲೆ ಬಿದ್ದಾಗ ಮಾತ್ರ ಅವರು ವಿಚಾರಿಸತೊಡಗಿದರು.

ಆಗ ಬಾಗಿಲು ತೆರೆದು 'ಸತ್ತ' ಯಾತ್ರಿಕನನ್ನು ಒಳಗೆ ಕರೆದೆವು. ಪೀಟರ್ ಬರೆದಿರುವ ಕಥೆಯ ಕೊನೆ ಅದೇ. ಜೊತೆಗಾರ ಜೆರುಸಲೇಮಿನಿಂದ ಸ್ಪೇನಿನ ಸಂತಿಯಾಗೋ ಕ್ಷೇತ್ರಕ್ಕೆ ಹೋಗಿದ್ದ. ಅವನು ಜೀವಂತ ಊರು ಸೇರುವ ಹೊತ್ತಿಗೆ ಗೆಳೆಯ ನೀರಿನ ಪರೀಕ್ಷೆಯಲ್ಲಿ ಸೋತು ನೇಣಿಗೆ ಏರಿಯಾಗಿತ್ತು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ

1215ರ ನಂತರ ಎಲ್ಲ ಸರಿಯಾಯಿತು ಎಂದು ನಾವು ಮಕ್ಕಳಿಗೆ ಹೇಳಲಿಲ್ಲ. ಅದೇ ಮಹಾಸಭೆಯ 8ನೇ ನಿಯಮ, ಧರ್ಮಸಭೆಯ ವಿಚಾರಣೆಯಲ್ಲಿ ಆರೋಪಿಗೆ ಆರೋಪವನ್ನೂ ಸಾಕ್ಷಿಗಳ ಹೆಸರನ್ನೂ ತಿಳಿಸಬೇಕೆಂದು ಹೇಳುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ಯೆಹೂದ್ಯರೂ ಮುಸ್ಲಿಮರೂ ಬೇರೆಯಾಗಿ ಕಾಣುವ ಉಡುಪು ತೊಡಬೇಕೆಂದು 68ನೇ ನಿಯಮ ಹೇಳಿತು. ಯೂರೋಪಿನ ಬಹುಭಾಗದ ನ್ಯಾಯಾಲಯಗಳು ಇಬ್ಬರು ಪ್ರತ್ಯಕ್ಷ ಸಾಕ್ಷಿ ಅಥವಾ ತಪ್ಪೊಪ್ಪಿಗೆ ಬೇಕೆಂದವು. ಸಾಕ್ಷಿ ಸಿಗದಾಗ ತಪ್ಪೊಪ್ಪಿಗೆಗಾಗಿ ಚಿತ್ರಹಿಂಸೆ ಬಂತು. 1252ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಪಾಷಂಡಿಗಳ ವಿಚಾರಣೆಯಲ್ಲಿ ಅದಕ್ಕೆ ಅನುಮತಿ ಕೊಟ್ಟರು. ಅಂಥ ವಿಚಾರಣೆಗಳಲ್ಲಿ ಸಾಕ್ಷಿಗಳ ಹೆಸರನ್ನೂ ಆರೋಪಿಯಿಂದ ಮುಚ್ಚಿಡತೊಡಗಿದರು. ಕಬ್ಬಿಣ ಹೋದರೂ ಅನುಮಾನಕ್ಕೆ ಜಾಗ ಬಿಡದ ತೀರ್ಪು ಬೇಕೆಂಬ ಹಟ ಹೋಗಲಿಲ್ಲ.

ಹಬ್ಬದ ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಮೊದಲು ಯಾರ ಹೆಸರು ನಮ್ಮ ಬಾಯಿಗೆ ಬರುತ್ತದೆ? ವಾಟ್ಸಾಪಿನಲ್ಲಿ ಒಬ್ಬರ ಮೇಲೆ ಮಾತು ಬಂದರೆ, ಹಣ ನಿಜವಾಗಿ ಹೋಗಿದೆಯೇ, ಕಂಡವರು ಯಾರು ಎಂದು ಕೇಳುವವರು ನಮ್ಮಲ್ಲಿ ಎಷ್ಟು ಜನ? ಆಟದ ನಂತರ ಮಕ್ಕಳೊಂದಿಗೆ ಈ ಮಾತೇ ಹೆಚ್ಚು ಹೊತ್ತು ನಡೆಯಿತು.

ನಿಮ್ಮ ಚರ್ಚಿನಲ್ಲೂ ಇದನ್ನು ಆಡಿಸಬಹುದು. ಬೇಕಾದದ್ದು ಎರಡು ಕೋಣೆ, ಒಂದು ಬಟ್ಟೆ ಪಟ್ಟಿ, ಒಂದೇ ಗಾಯದ ಎರಡು ಚಿತ್ರ. ಕೊನೆಯಲ್ಲಿ ಮಾತಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಮರಳಿ ಬರುವ ಯಾತ್ರಿಕನನ್ನು ಮಾತ್ರ ಕೊನೆಯವರೆಗೂ ಯಾರ ಕಣ್ಣಿಗೂ ಬೀಳದಂತೆ ಹೊರಗೆ ಕೂರಿಸಿ.