ಕೋರ್ಟು ಕಚೇರಿಯ ಮಾತುಗಳ ಮೂಲ

ಧಾರವಾಡದ ಕೋರ್ಟಿನ ಆವರಣದಲ್ಲಿ ಅರ್ಧ ಗಂಟೆ ನಿಂತು ಕಿವಿಗೊಟ್ಟರೆ ಸಾಕು, ಈ ನಾಡನ್ನು ಆಳಿದವರ ಭಾಷೆಗಳೆಲ್ಲ ಕಿವಿಗೆ ಬೀಳುತ್ತವೆ. ವಕೀಲ, ಫಿರ್ಯಾದಿ, ಜಾಮೀನು, ತಕರಾರು ಇವು ಅರಬ್ಬೀ-ಪಾರಸಿ ಮೂಲದವು. ಖಟ್ಲೆ ಮರಾಠಿಯಿಂದ ಬಂದದ್ದು. ಸಾಕ್ಷಿ, ದಂಡ, ನ್ಯಾಯ ಸಂಸ್ಕೃತದವು. ಅಫಿಡವಿಟ್, ವಾರಂಟ್, ಸ್ಟೇ ಇಂಗ್ಲಿಷಿನ ಮೂಲಕ ಬಂದವು. ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದಾಗ ಅರಸರ ಪಟ್ಟಿಗಿಂತ ಇಂಥ ಪದಗಳ ಮೂಲಕವೇ ಮಕ್ಕಳಿಗೆ ಗತಕಾಲವು ಬೇಗ ತಿಳಿಯುತ್ತಿತ್ತೆಂಬುದು ನನ್ನ ಅನುಭವ.

ವಿಜಾಪುರದ ಆದಿಲಶಾಹಿಗಳು, ಸವಣೂರಿನ ನವಾಬರು, ತರುವಾಯ ಪೇಶ್ವೆಗಳು ಈ ಭಾಗವನ್ನು ಆಳಿದರು. ಪೇಶ್ವೆಗಳ ದಫ್ತರದ ಮರಾಠಿಯಲ್ಲಿಯೂ ಪಾರಸಿ ಪದಗಳು ತುಂಬಿದ್ದವು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡು ಕಂಪನಿ ಸರಕಾರ ಬಂದಿತು. 1862ರಲ್ಲಿ ಮುಂಬಯಿ ಹೈಕೋರ್ಟು ಸ್ಥಾಪನೆಯಾಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಯ ಅಪೀಲುಗಳು ಅಲ್ಲಿಗೇ ಹೋಗುತ್ತಿದ್ದವು. ಆಳುವವರು ಬದಲಾದರೂ ಹಳೆಯ ಪದಗಳು ಅಳಿಯಲಿಲ್ಲ. ಅವುಗಳ ಮೇಲೆ ಹೊಸವು ಬಂದು ಕುಳಿತವು.

ಈ ಪದಗಳ ಮೂಲಾರ್ಥವು ಬಹಳ ಸ್ವಾರಸ್ಯಕರವಾಗಿದೆ. ಪಾರಸಿಯಲ್ಲಿ ‘ಫರಿಯಾದ್’ ಎಂದರೆ ಸಂಕಟದಲ್ಲಿ ಇಟ್ಟ ಮೊರೆ. ಇಂಗ್ಲಿಷಿನ ‘ಪ್ಲೇಂಟಿಫ್’ ಶಬ್ದದ ಲ್ಯಾಟಿನ್ ಮೂಲಕ್ಕೂ ಎದೆ ಬಡಿದುಕೊಂಡು ಗೋಳಾಡುವುದು ಎಂಬ ಅರ್ಥವಿದೆ. ಪರಸ್ಪರ ಸಂಬಂಧವಿಲ್ಲದ ಎರಡು ನಾಡುಗಳಲ್ಲಿ ನ್ಯಾಯ ಬೇಡುವವನಿಗೆ ಒಂದೇ ಭಾವದ ಹೆಸರು ದೊರೆತಿದೆ. ‘ಜಾಮೀನ್’ ಎಂದರೆ ಮೂಲದಲ್ಲಿ ಹೊಣೆ ನಿಲ್ಲುವ ಮನುಷ್ಯ. ‘ಬೇಲ್’ ಹಳೆಯ ಫ್ರೆಂಚಿನ, ಒಪ್ಪಿಸುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಆರೋಪಿಯನ್ನು ಒಬ್ಬರಿಗೆ ಒಪ್ಪಿಸಬೇಕು, ಆ ಒಬ್ಬರು ಹೊಣೆ ನಿಲ್ಲಬೇಕು. ‘ಮುನ್ಸೀಫ’ ಎಂಬುದರ ಅರಬ್ಬೀ ಧಾತುವಿಗೆ ಅರ್ಧ ಎಂಬ ಅರ್ಥವಿದೆ: ಇಬ್ಬರಿಗೂ ಸಮನಾಗಿ ಹಂಚುವವನು ಮುನ್ಸೀಫ. ‘ತಕರಾರ್’ ಎಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು! ಇದನ್ನು ನಮ್ಮ ವಕೀಲ ಮಿತ್ರರು ಅಲ್ಲಗಳೆಯಲಾರರು.

ಇಂಗ್ಲಿಷರ ಕಾನೂನಿನ ಪದಗಳಾದರೂ ಇಂಗ್ಲಿಷರವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಅಲ್ಲಿಯ ನ್ಯಾಯಾಲಯಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ನೆಲೆಗೊಂಡವು. ವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ ಶಾಸನವಾಯಿತು. ಕಾರಣ, ಜನರಿಗೆ ಫ್ರೆಂಚ್ ತಿಳಿಯುತ್ತಿರಲಿಲ್ಲ. ಆದರೂ ದಾಖಲೆಗಳಿಗೆ ಇಂಗ್ಲಿಷ್ ಸ್ಥಿರವಾಗಿ ಬಂದದ್ದು 1733ರಲ್ಲಿ. ‘ಅಫಿಡವಿಟ್’ ಎಂದರೆ ‘ಪ್ರಮಾಣ ಮಾಡಿದ್ದಾನೆ’, ‘ಕೇವಿಯಟ್’ ಎಂದರೆ ‘ಎಚ್ಚರವಿರಲಿ’, ‘ಹೇಬಿಯಸ್ ಕಾರ್ಪಸ್’ ಎಂದರೆ ‘ದೇಹವನ್ನು ಹಾಜರುಪಡಿಸು’. ಲ್ಯಾಟಿನ್ ಬಲ್ಲವನಿಗೆ ಇವು ಸಾದಾ ಮಾತುಗಳು, ಉಳಿದವರಿಗೆ ಮಂತ್ರಗಳು.

ರೈತನ ಬದುಕಿಗೆ ತೀರ ಹತ್ತಿರದ ಪದ ‘ಮಾರ್ಟ್‌ಗೇಜ್’. ಅಡವು ಎಂದು ನಾವು ಹೇಳುವ ಈ ಪದಕ್ಕೆ ಫ್ರೆಂಚಿನಲ್ಲಿ ‘ಸತ್ತ ಒತ್ತೆ’ ಎಂದರ್ಥ. ಸಾಲ ತೀರದಿದ್ದರೆ ಭೂಮಿ ಸಾಲಗಾರನ ಪಾಲಿಗೆ ಸತ್ತಂತೆ, ತೀರಿದರೆ ಒತ್ತೆಯೇ ಸತ್ತಂತೆ ಎಂದು ಹಿಂದಿನ ನ್ಯಾಯಪಂಡಿತರು ವಿವರಿಸಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯು ಅಡವಿನಲ್ಲಿ ಆರು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲೊಂದು, ಮೇಲ್ನೋಟಕ್ಕೆ ಮಾರಾಟದಂತೆ ಕಂಡರೂ ಹಣ ತೀರಿಸಿದರೆ ಭೂಮಿ ಮರಳುವ ಷರತ್ತುಳ್ಳದ್ದು. 1929ರ ತಿದ್ದುಪಡಿಯ ಪ್ರಕಾರ ಆ ಷರತ್ತು ಖರೀದಿ ಪತ್ರದಲ್ಲಿಯೇ ಬರೆದಿರಬೇಕು. ಬೇರೆ ಕಾಗದದಲ್ಲಿದ್ದರೆ ಅದನ್ನು ಅಡವೆಂದು ಎಣಿಸಲಾಗದು.

ನನ್ನ ವಿದ್ಯಾರ್ಥಿಯೊಬ್ಬನ ತಂದೆ ಒಮ್ಮೆ ಎರಡು ಕಾಗದಗಳನ್ನು ಹಿಡಿದುಕೊಂಡು ಶಾಲೆಗೆ ಬಂದರು. “ಮಾಸ್ತರ್ರ, ಹೊಲಾ ಅಡವು ಇಟ್ಟೀನ್ರಿ, ಇದರಾಗ ಏನ್ ಬರದಾರ ನೋಡ್ರಿ” ಎಂದರು. ಒಂದು ಪೂರ್ಣ ಖರೀದಿ ಪತ್ರ; ಇನ್ನೊಂದು, ಇಂತಿಷ್ಟು ಮುದ್ದತಿನೊಳಗೆ ಹಣ ಕೊಟ್ಟರೆ ಹೊಲವನ್ನು ಮರಳಿ ಬರೆದುಕೊಡುವ ಕರಾರು. ಮುದ್ದತು ಆಗಲೇ ಮುಗಿದಿತ್ತು. ಅಡವಾಗಿದ್ದರೆ ಬಿಡಿಸಿಕೊಳ್ಳಲು 30 ವರ್ಷಗಳ ಕಾಲಾವಕಾಶವಿರುತ್ತಿತ್ತು. ಅವರ ಬಾಯಲ್ಲಿ ಅಡವು ಎಂಬ ಮಾತಿತ್ತು, ಕಾಗದದಲ್ಲಿ ಇರಲಿಲ್ಲ. ಹೊಲ ಮರಳಲಿಲ್ಲ.

ನಮ್ಮ ಮಾತುಗಳೂ ಇಂಗ್ಲಿಷರ ತೀರ್ಪುಗಳಲ್ಲಿ ಸೇರಿಕೊಂಡಿವೆ ಎಂಬುದನ್ನು ಮರೆಯಲಾಗದು. ಬಾಕಿ ಬಡ್ಡಿಯು ಅಸಲನ್ನು ಮೀರಕೂಡದೆಂಬ ಹಿಂದೂ ಧರ್ಮಶಾಸ್ತ್ರದ ನಿಯಮವನ್ನು ಮುಂಬಯಿ ಹೈಕೋರ್ಟು ‘ದಾಮದುಪ್ಪಟ’ ಎಂಬ ಹೆಸರಿನಿಂದಲೇ ಎತ್ತಿಹಿಡಿಯಿತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರ’ದ ದಾಯಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿದನು. ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಹಿಂದೂ ಅವಿಭಕ್ತ ಕುಟುಂಬದ ವ್ಯಾಜ್ಯಗಳಲ್ಲಿ ಆ ಗ್ರಂಥವನ್ನು ಆಧರಿಸಿತು.

ಉತ್ತರ ಕರ್ನಾಟಕದ ವಕೀಲರ ಮತ್ತು ಜನರ ದೀರ್ಘ ಹೋರಾಟದ ಫಲವಾಗಿ 2008ರ ಜುಲೈ 4ರಂದು ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರ ಆಗಸ್ಟಿನಲ್ಲಿ ಖಾಯಂ ಪೀಠವಾಯಿತು. ಬೆಂಗಳೂರಿನ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ತಪ್ಪಿತು. ಭಾಷೆಯ ದೂರ ಮಾತ್ರ ಉಳಿದಿದೆ. ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಪಾರಸಿ ಪದಗಳನ್ನೆಲ್ಲ ಕಿತ್ತೊಗೆದು ಸಂಸ್ಕೃತ ಪದಗಳನ್ನು ಕಟ್ಟಿದ ಮಾತ್ರಕ್ಕೆ ಈ ದೂರ ಕಡಿಮೆಯಾಗದೆಂಬುದು ನನ್ನ ಅಭಿಪ್ರಾಯ. ‘ಜಾಮೀನು’ ಎಲ್ಲರಿಗೂ ತಿಳಿಯುತ್ತದೆ, ‘ಪ್ರತಿಭೂತಿ’ ಯಾರಿಗೂ ತಿಳಿಯದು.

ಆದ್ದರಿಂದ ಓದುಗ ಮಿತ್ರರಲ್ಲಿ ನನ್ನದೊಂದು ವಿನಂತಿ. ಮನೆಯ ಹಿರಿಯರು ಯಾವುದೇ ಪತ್ರಕ್ಕೆ ಸಹಿ ಮಾಡುವ ಮುನ್ನ ಅದರ ಒಂದೊಂದು ಪದದ ಅರ್ಥವನ್ನೂ ಅವರ ಆಡುಮಾತಿನಲ್ಲಿ ಬಿಡಿಸಿ ಹೇಳಿರಿ. ನಿಮಗೆ ತಿಳಿಯದಿದ್ದರೆ ತಿಳಿದ ವಕೀಲರನ್ನು ಕೇಳಿರಿ. ಸಹಿಯಾದ ನಂತರ ಕೇಳಿದರೆ ಅರ್ಥವೇನೋ ದೊರೆಯುತ್ತದೆ, ಹೊಲ ದೊರೆಯುವುದಿಲ್ಲ.