ಮಾಳಿಗಿ ಪದ ಮೊಬೈಲಿಗೆ ಬಂದಾಗ

2008ರಲ್ಲಿ ರಘು ದೀಕ್ಷಿತರ ತಂಡದ ಮೊದಲ ಆಲ್ಬಮ್ ಬಂದಾಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಶಹಾಪುರ, ಸುರಪುರ ಎಲ್ಲ ಗುಲಬರ್ಗಾಕ್ಕೇ ಸೇರಿದ್ದವು. ಕಂಪನಿಗಳು ವರ್ಷಗಟ್ಟಲೆ ಬೇಡವೆಂದ ಹಾಡುಗಳನ್ನು ಮುಂಬೈಯ ವಿಶಾಲ್–ಶೇಖರ್ ಜೋಡಿ ಮೆಚ್ಚಿ, ತಮ್ಮದೇ ಲೇಬಲ್ಲಿನಿಂದ ಹೊರತಂದಿತ್ತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದ: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗಿಯದು. ನನಗೆ ಸಿಕ್ಕಿದ್ದು ಗೆಳೆಯನ ಮೆಮೊರಿ ಕಾರ್ಡಿನಲ್ಲಿ.

ಅಜ್ಜನಿಗೆ ಕೇಳಿಸಿದೆ. ಅವನು ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ, ಕಡಕೋಳ ಮಡಿವಾಳಪ್ಪನ ಪದ ಹಾಡುವವರ ಜೊತೆ ಬೆಳತನಕ ತಾಳ ಹಾಕಿದವನು. ಸಿ. ಅಶ್ವತ್ಥರ ಕ್ಯಾಸೆಟ್ಟಿನಿಂದ ಶರೀಫರೂ ಮನೆಯವರೇ ಆಗಿದ್ದರು. "ಏಕತಾರಿ ಎಲ್ಲೈತೋ ತಮ್ಮಾ?" ಅಂದ. ಡ್ರಮ್ಸಿನ ಸದ್ದಿಗೆ ಮುಖ ಸಿಂಡರಿಸಿದ. ಆದರೆ ಮಾಳಿಗಿ ಪದ ಎರಡನೇ ಸಲ ಹಚ್ಚಿದಾಗ ಬೆರಳು ತೊಡೆಯ ಮೇಲೆ ಆಡತೊಡಗಿದವು. ನಮ್ಮದೂ ಮಣ್ಣಿನ ಮಾಳಿಗಿ. ಮಳೆಯಾದರೆ ಬೋಗುಣಿ ಹಿಡಿದು ಓಡಾಡುವವನು ಅವನೇ. ಗಿಟಾರು ಪದವನ್ನು ಕೆಡಿಸಲಿಲ್ಲ ಎಂದು ನಾನು ನಂಬಿದ್ದು ಆ ಬೆರಳು ನೋಡಿ.

2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಅಷ್ಟರಲ್ಲಿ ನಮ್ಮೂರಿನ ಹುಡುಗರು ಮಾಳಿಗಿ ಪದವನ್ನು ಭಜನೆಯಲ್ಲೇ ತಂಡದ ಧಾಟಿಗೆ ಹಾಡುತ್ತಿದ್ದರು.