ತೊಟ್ಟಿಲಿನಿಂದ ಭಜನೆಯವರೆಗೆ: ಜತ್ತ ಸೀಮೆಯ ಹಾಡುಗಳು

ಕ್ರಿ.ಶ. 941ರ ಸುಮಾರಿಗೆ ಪಂಪ ಮಹಾಕವಿಯು ರಚಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿ ನಾಡನ್ನು ನೆನೆಯುವ ಪ್ರಸಂಗವೊಂದಿದೆ. ಮನಸ್ಸು ಆ ನಾಡಿನತ್ತ ಹರಿಯಲು ಏನೇನು ಕಾರಣವಾಗುವುದೆಂದು ಅಲ್ಲಿ ಅರ್ಜುನನ ಬಾಯಿಂದ ಎಣಿಸಿ ಹೇಳಿಸುವ ಕವಿಯು, ತೆಂಕಣ ಗಾಳಿ, ಬಿರಿದ ಮಲ್ಲಿಗೆ ಮೊದಲಾದವುಗಳ ಸಾಲಿನಲ್ಲಿಯೇ ಕಿವಿಹೊಕ್ಕ ಇಂಪಾದ ಹಾಡನ್ನೂ ಇರಿಸಿದ್ದಾನೆ. ಇದು ಬರಿಯ ಕವಿಸಮಯವಲ್ಲ. ಹತ್ತರಿಂದ ಮೂವತ್ತರವರೆಗಿನ ವಯಸ್ಸಿನಲ್ಲಿ ಕಂಡದ್ದೂ ಕೇಳಿದ್ದೂ ಮುಪ್ಪಿನಲ್ಲಿ ಹೆಚ್ಚು ನಿಚ್ಚಳವಾಗಿ ನೆನಪಿಗೆ ಬರುವುದೆಂದೂ, ಆ ನೆನಪನ್ನು ಎಬ್ಬಿಸುವುದರಲ್ಲಿ ಹಾಡಿಗೆ ವಿಶೇಷ ಶಕ್ತಿಯುಂಟೆಂದೂ ಈಗಿನ ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಮನುಷ್ಯನ ಬಾಳಿಗೆ ಹಂತಗಳಿರುವಂತೆ ಹಾಡಿಗೂ ಹಂತಗಳಿವೆ. ನಮ್ಮ ಜತ್ತ ತಾಲೂಕಿನ ಕನ್ನಡ ಮನೆಗಳಲ್ಲಿ ಆ ಹಂತಗಳು ಹೇಗೆ ಸಾಗಿಬಂದುವೆಂಬುದನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡುವುದು ನಮ್ಮ ಉದ್ದೇಶ.

ಮೊದಲು ಈ ನೆಲದ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಜತ್ತವು ಡಫಳೆ ಮನೆತನದವರ ಸಂಸ್ಥಾನವಾಗಿದ್ದಿತು. ಬ್ರಿಟಿಷರ ಕಾಲದಲ್ಲಿ ಇದರ ಮೇಲ್ವಿಚಾರಣೆಯು ಬಿಜಾಪುರ ಏಜೆನ್ಸಿಗೆ ಸೇರಿದ್ದಿತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಯ ಪಾಲಿಗೆ ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಬಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಹೋಯಿತು. ಜತ್ತವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವು ಉದಯಿಸಿತು. ಅದೇ ವರುಷ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು. ಹೀಗೆ ಹನ್ನೆರಡು ವರುಷಗಳೊಳಗೆ ಅರಸೊತ್ತಿಗೆ, ಪ್ರಾಂತ, ಜಿಲ್ಲೆಯ ಹೆಸರು ಎಲ್ಲವೂ ಬದಲಾದುವು. ಆದರೆ ಉಮದಿ, ಸಂಖ, ಬಿಳೂರು, ಮಾಡಗ್ಯಾಳದ ಮನೆಗಳಲ್ಲಿ ತಾಯಿ ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಹಾಡು ಬದಲಾಗಲಿಲ್ಲ. ಗಡಿಯನ್ನು ಕಾಗದದ ಮೇಲೆ ಎಳೆಯಬಹುದು. ತೊಟ್ಟಿಲಿನ ಹಗ್ಗದ ಮೇಲೆ ಎಳೆಯಲಾಗದು.

ಬಾಳಿನ ಮೊದಲನೆಯ ಹಾಡು ಜೋಗುಳ. ಹಾಗೆ ನೋಡಿದರೆ ಕೂಸು ಹುಟ್ಟುವುದಕ್ಕಿಂತ ಮುಂಚೆ, ಕುಬಸದ ದಿನ ಬಸುರಿಯ ಸುತ್ತ ಕುಳಿತ ಮುತ್ತೈದೆಯರ ಹಾಡಿನಿಂದಲೇ ಇದು ಮೊದಲಾಗುತ್ತದೆ. ತೊಟ್ಟಿಲ ದಿನ ಹೆಸರಿಟ್ಟು ಹಾಡುವಾಗ ಕೂಸಿಗೆ ತನ್ನ ಹೆಸರು, ತನ್ನ ಮನೆದೇವರು, ತನ್ನ ಸೋದರಮಾವ ಇವೆಲ್ಲ ಕನ್ನಡದಲ್ಲಿಯೇ ಪರಿಚಯವಾಗುತ್ತವೆ. ತುಸು ದೊಡ್ಡವರಾದ ಹೆಣ್ಣುಮಕ್ಕಳಿಗೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಹಾಡುವ ಹಾಡು, ಶ್ರಾವಣದಲ್ಲಿ ನಾಗರ ಪಂಚಮಿಯ ಜೋಕಾಲಿಯ ಹಾಡು, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆ ಮನೆಗೆ ಬರುವ ಜೋಕುಮಾರನ ಹಾಡು, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಓಣಿಯಲ್ಲಿ ಸಾಗುವಾಗಿನ ಹಾಡು. ಪಂಚಾಂಗವನ್ನು ಓದಲಾರದ ಹುಡುಗಿಗೂ ಹಾಡಿನಿಂದಲೇ ತಿಂಗಳು ತಿಳಿಯುತ್ತಿದ್ದಿತು.

ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಒಂದು, ಬೀಗರನ್ನು ಹಾಸ್ಯ ಮಾಡುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು, ಹೀಗೆ ಹೊತ್ತಿಗೊಂದು ಸೋಬಾನೆ. ಹೆಣ್ಣು ಒಪ್ಪಿಸುವ ಹಾಡಿಗೆ ಕಣ್ಣು ತೋಯಿಸದ ತಂದೆಯನ್ನು ನಾವು ಕಂಡಿಲ್ಲ. ಅಲ್ಲಿಂದ ಮುಂದೆ ಹೆಣ್ಣಿನ ಬಾಳೆಲ್ಲ ಬೀಸುಕಲ್ಲಿನ ಜೊತೆ. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುತ್ತ ಅವಳು ತವರನ್ನು ನೆನೆದಳು, ಅಣ್ಣನನ್ನು ಹರಸಿದಳು, ಅತ್ತೆಯ ಮನೆಯ ಕಷ್ಟವನ್ನು ಯಾರ ಮುಂದೆಯೂ ಹೇಳದೆ ಕಲ್ಲಿನ ಮುಂದೆ ಹೇಳಿದಳು.

ಈ ಬೀಸುವ ಪದಗಳ ಛಂದಸ್ಸು ತ್ರಿಪದಿ. ಒಟ್ಟು ಹನ್ನೊಂದು ಗಣಗಳು; ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಸುಮಾರು ಕ್ರಿ.ಶ. 700ರದೆಂದು ವಿದ್ವಾಂಸರು ಹೇಳುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಈ ಛಂದಸ್ಸಿನ ಪದ್ಯಗಳಿವೆ. ಸರ್ವಜ್ಞನು ಹಿಡಿದದ್ದೂ ಇದನ್ನೇ. ಅಂದ ಮೇಲೆ ಅಕ್ಷರವರಿಯದ ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಕಾಯ್ದುಕೊಂಡು ಬಂದದ್ದು ಸಾವಿರದ ಮುನ್ನೂರು ವರುಷಗಳ ಆಸ್ತಿಯಾಗಿದೆ.

ತ್ರಿಪದಿಯ ಪಾಠ ಮಾಡುವಾಗ ಗಣವಿಭಾಗವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಮಕ್ಕಳು ಸಪ್ಪಗೆ ಕುಳಿತಿರುತ್ತಾರೆ. ಒಂದು ವರುಷ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಇದನ್ನ ನಮ್ಮ ಆಯಿ ಹಾಡತಾಳ್ರೀ" ಎಂದಳು. ನಾವು ಆ ಮನೆಗೆ ಹೋದೆವು. ಮುದುಕಿ ನಾಚಿದಳು, ಒಂದೆರಡು ನುಡಿ ಹೇಳಿ ತಡವರಿಸಿದಳು, ಮುಂದಿನದು ನೆನಪಾಗಲೊಲ್ಲದು. ಕೊನೆಗೆ, "ಕೈಯಾಗ ಗೂಟ ಇಲ್ಲದ ಹೆಂಗ ಬಂದೀತರೀ ಹಾಡು?" ಎಂದಳು. ಹಿತ್ತಲಲ್ಲಿ ಬಿದ್ದಿದ್ದ ಕಲ್ಲನ್ನು ಮೊಮ್ಮಗಳು ತೊಳೆದು ತಂದಿಟ್ಟಳು. ಒಂದು ಹಿಡಿ ಜೋಳ ಹಾಕಿ ಗೂಟ ಹಿಡಿದದ್ದೇ ತಡ, ಒಂದರ ಹಿಂದೆ ಒಂದು ನುಡಿ ತಾನಾಗಿ ಬಂದಿತು. ತಾಯಿಯ ಹೆಸರು, ಸತ್ತುಹೋದ ಅಣ್ಣನ ಹೆಸರು, ಬಿಟ್ಟು ಬಂದ ಊರಿನ ಹೆಸರು ಎಲ್ಲವೂ ಬಂದುವು. ಮೊಮ್ಮಗಳು ಅವುಗಳಲ್ಲಿ ಎಷ್ಟನ್ನೋ ಅಂದೇ ಮೊದಲು ಕೇಳಿದ್ದು. ಹಾಡು ಬಾಯಲ್ಲಿ ಮಾತ್ರ ಇರುವುದಿಲ್ಲ, ಕೈಯಲ್ಲಿಯೂ ಇರುತ್ತದೆಂಬುದು ಆ ದಿನ ನಮಗೆ ತಿಳಿಯಿತು.

ಈ ಸತ್ಯವನ್ನು ಮೊದಲೇ ಅರಿತವರು ನಮ್ಮ ನೆರೆಯವರೇ ಆದ ಹಲಸಂಗಿಯ ಗೆಳೆಯರು. ಉಮದಿಯ ಆಚೆಗೆ, ಚಡಚಣ ಸೀಮೆಯಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ ಸಾಹೇಬ, ಕಾಪಸೆ ರೇವಪ್ಪ ಇವರು ಕೂಡಿ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬೆಳಕು ಕಂಡಿತು. 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದುವು. ಹಳ್ಳಿಯ ಹೆಂಗಸಿನ ಹಾಡು ಸಾಹಿತ್ಯವೆಂದು ಪಂಡಿತರು ಒಪ್ಪುವಂತಾದದ್ದರಲ್ಲಿ ಈ ಗೆಳೆಯರ ಪಾಲು ದೊಡ್ಡದು. ಹಲಸಂಗಿಗೂ ನಮ್ಮ ಊರುಗಳಿಗೂ ಹೆಣ್ಣು ಕೊಟ್ಟು ತರುವ ಬಳಕೆ ಹಿಂದಿನಿಂದಲೂ ಉಂಟು. ಸೊಸೆಯರ ಜೊತೆಗೆ ಹಾಡುಗಳೂ ಬಂದುವು, ಹೋದುವು. ಆದಕಾರಣ ಆ ಪುಸ್ತಕವನ್ನು ತೆರೆದರೆ ನಮ್ಮ ಮನೆಯ ಮಾತೇ ಕೇಳಿಬಂದಂತಾಗುವುದು ಅಚ್ಚರಿಯಲ್ಲ.

ಗಂಡಸರ ಹಾಡುಗಳು ಹೊಲದಲ್ಲಿಯೂ ಗುಡಿಯಲ್ಲಿಯೂ ಇದ್ದುವು. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಹೂಡಿ, ಜೋಳದ ತೆನೆಗಳನ್ನು ತುಳಿಸುವಾಗ ರಾತ್ರಿಯೆಲ್ಲ ಹಂತಿಯ ಪದ. ಆ ಪದವಿಲ್ಲದಿದ್ದರೆ ಆಳಿಗೂ ಎತ್ತಿಗೂ ನಿದ್ದೆ ಬರುವುದೆಂದು ಹಿರಿಯರು ಹೇಳುತ್ತಿದ್ದರು. ಮಾಡಗ್ಯಾಳದ ಕುರಿಯ ತಳಿಯು ದೂರದವರೆಗೆ ಹೆಸರಾದುದು. ಆ ಕುರಿಗಳನ್ನು ಕಾಯ್ದ ಹಾಲುಮತದವರ ಬಾಯಲ್ಲಿ ಬೀರದೇವರ ಡೊಳ್ಳಿನ ಪದ. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಕೂಡಿ ಹಾಡುವ ಕರ್ಬಲಾ ಪದಗಳು ಕನ್ನಡದಲ್ಲಿಯೇ ಇವೆ. ದೂರದ ಅರಬಸ್ತಾನದ ದುಃಖವು ಬಿಜಾಪುರ ಸೀಮೆಯ ಕನ್ನಡದಲ್ಲಿ ನಮ್ಮ ಓಣಿಯ ದುಃಖವಾಯಿತು.

ಶಾಲೆಯ ಮೆಟ್ಟಿಲು ಹತ್ತಿದವರಿಗೆ ಮತ್ತೊಂದು ಬಗೆಯ ಹಾಡು ದೊರೆಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ, ಹುಯಿಲಗೋಳ ನಾರಾಯಣರಾಯರ ನಾಡಗೀತೆಯು ಮೊಳಗಿತು. ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ಲರು ಆ ಅಧಿವೇಶನದಲ್ಲಿ ಹಾಡಿದವರಲ್ಲಿ ಒಬ್ಬರು. ಆ ಗೀತೆಯೂ ಡಿ. ಎಸ್. ಕರ್ಕಿಯವರ ದೀಪದ ಗೀತೆಯೂ ಗಡಿಯ ಈಚೆಗಿನ ಕನ್ನಡ ಶಾಲೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. 1950ರಲ್ಲಿ ಧಾರವಾಡ ಆಕಾಶವಾಣಿಯು ಆರಂಭವಾದ ಮೇಲೆ ಗಡಿಯ ಅಡ್ಡಿಯಿಲ್ಲದೆ ಕನ್ನಡ ಹಾಡು ಇಲ್ಲಿಯ ಪಡಸಾಲೆಗೂ ಬಂದಿತು. 1972ರಲ್ಲಿ 'ಬಂಗಾರದ ಮನುಷ್ಯ' ಚಿತ್ರ ತೆರೆಗೆ ಬಂದಿತು. ಅದೇ ವರುಷ ಮಹಾರಾಷ್ಟ್ರದ ಮೇಲೆ ಘೋರ ಬರಗಾಲ ಬಿದ್ದಿತ್ತು. ಜನರು ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದು ಹೊಟ್ಟೆ ಹೊರೆದರು. ಭೂಮಿಗೆ ಮರಳಿ ಬಂದು ದುಡಿಯುವ ನಾಯಕನ ಹಾಡುಗಳು ಆಗ ಹರೆಯದವರಾಗಿದ್ದವರಿಗೆ ಇಂದಿಗೂ ಆ ಬರವನ್ನೂ ಆ ಆಸೆಯನ್ನೂ ಒಟ್ಟಿಗೆ ನೆನಪಿಗೆ ತರುತ್ತವೆ.

ಕನ್ನಡದ ಹಾಡನ್ನು ಹೊಗಳುವಾಗ ಮರಾಠಿಯನ್ನು ಹಳಿಯಬೇಕಾಗಿಲ್ಲ. ಪಂಢರಪುರದ ದಿಂಡಿಯ ಹಿಂದೆ ನಡೆದ ನಮ್ಮ ಹಿರಿಯರು ಅಭಂಗಗಳನ್ನು ಬಲ್ಲವರು. ಸಂತ ಜ್ಞಾನೇಶ್ವರರೇ ವಿಠ್ಠಲನನ್ನು ಕರ್ನಾಟಕದವನೆಂದು ಒಂದು ಅಭಂಗದಲ್ಲಿ ಕರೆದಿದ್ದಾರೆ. ನಮ್ಮ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರು ಇಂಚಗೇರಿಯಲ್ಲಿ ನೆಲೆಗೊಳಿಸಿದ ಸಂಪ್ರದಾಯದ ಭಜನೆಯಲ್ಲಿ ಕನ್ನಡ ಪದವೂ ಮರಾಠಿ ಅಭಂಗವೂ ಒಂದೇ ತಾಳಕ್ಕೆ ನಡೆಯುತ್ತವೆ. ಅವರ ಶಿಷ್ಯರಾದ ಗುರುದೇವ ರಾನಡೆಯವರು ಕನ್ನಡ ಸಂತರ ಪದಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ಅವರ ನಿಧನದ ತರುವಾಯ 1960ರಲ್ಲಿ ಪ್ರಕಟವಾಯಿತು. ಎರಡು ಭಾಷೆಗಳ ಹಾಡು ಬಲ್ಲವನು ಎರಡು ಪಾಲು ಶ್ರೀಮಂತನು. ಒಂದನ್ನು ಕಲಿತು ಇನ್ನೊಂದನ್ನು ಮರೆತವನಿಗೆ ಮಾತ್ರ ನಷ್ಟ.

ಬಾಳಿನ ಇಳಿಹೊತ್ತಿಗೆ ತತ್ತ್ವಪದಗಳು ಒದಗುತ್ತವೆ. ಏಕತಾರಿ, ದಮಡಿ, ತಾಳಗಳ ಜೊತೆ ಶಿಶುನಾಳ ಶರೀಫರ, ಕಡಕೋಳ ಮಡಿವಾಳಪ್ಪನ, ನಿಜಗುಣ ಶಿವಯೋಗಿಗಳ ಪದಗಳು ನಡುರಾತ್ರಿಯವರೆಗೆ ಸಾಗುತ್ತವೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಬಿಜಾಪುರದ ಕಡೆಯಿಂದ ಕಾಲುನಡಿಗೆಯಲ್ಲಿ ಬರುವವರ ಬಾಯಲ್ಲಿ ಆ ತಾಯಿಯ ಹಾಡು. ಹನ್ನೆರಡನೆಯ ಶತಮಾನದ ಈ ಶರಣೆಯು ನಮ್ಮ ಉಮರಾಣಿಯಲ್ಲಿ ಲಿಂಗಮ್ಮನೆಂಬ ಹೆಸರಿನಿಂದ ಜನಿಸಿ, ಕಲ್ಯಾಣದಲ್ಲಿ ದಾನಮ್ಮಳಾದಳೆಂಬುದು ಪರಂಪರೆಯ ಮಾತು. ಕೊನೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ರಾತ್ರಿ ಭಜನೆಯವರು ಬಂದು ಕುಳಿತುಕೊಳ್ಳುತ್ತಾರೆ. ತೊಟ್ಟಿಲಲ್ಲಿ ಕನ್ನಡ ಕೇಳಿದ ಜೀವವನ್ನು ಕನ್ನಡದಲ್ಲಿಯೇ ಬೀಳ್ಕೊಡುವುದು ಅದರ ಅರ್ಥ.

ಈ ಸರಪಳಿಯ ಕೊಂಡಿಗಳು ಈಗ ಒಂದೊಂದಾಗಿ ಕಳಚುತ್ತಿವೆ. ಹಿಟ್ಟಿನ ಗಿರಣಿ ಬಂದಿತು, ಬೀಸುಕಲ್ಲು ಹಿತ್ತಲು ಸೇರಿತು. ರಾಶಿ ಮಾಡುವ ಯಂತ್ರ ಬಂದಿತು, ಮೇಟಿಯೂ ಹಂತಿಯೂ ಹೋದುವು. ಹೆಂಗಸರ ಬೆನ್ನಿನ ನೋವು ಕಡಿಮೆಯಾದುದು ಒಳ್ಳೆಯದೇ. ಹಾಡಿಗಾಗಿ ಯಾರೂ ಮತ್ತೆ ಬೀಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಕೆಲಸವು ಹೋಗುವಾಗ ಅದರೊಡನೆ ಹೋಗುತ್ತಿರುವುದನ್ನು ಯಾರಾದರೂ ತಡೆದು ನಿಲ್ಲಿಸಬೇಡವೇ? ಕಬ್ಬು ಕಡಿಯಲು ಪಡುವಣ ತಾಲೂಕುಗಳಿಗೆ ಹೋದ ಕುಟುಂಬಗಳ ಮಕ್ಕಳು ಅಜ್ಜಿಯಿಂದ ದೂರವಾಗಿ ಬೆಳೆಯುತ್ತಾರೆ. ಊರಲ್ಲಿಯೇ ಇರುವ ಮಕ್ಕಳ ತೊಟ್ಟಿಲ ಬಳಿ ಮೊಬೈಲು ಹಾಡುತ್ತದೆ. ಕನ್ನಡ ಶಾಲೆ ಉಳಿಯಬೇಕೆಂದು ನಾವೆಲ್ಲ ಮನವಿ ಕೊಡುತ್ತೇವೆ; ಅದು ಸರಿಯೇ. ಆದರೆ ಶಾಲೆಗೆ ಮಗು ಬರುವುದು ಆರನೆಯ ವರುಷಕ್ಕೆ. ಅದಕ್ಕಿಂತ ಮೊದಲಿನ ಕನ್ನಡವನ್ನು ಯಾವ ಸರಕಾರವೂ ಕೊಡಲಾರದು, ಯಾವ ಸರಕಾರವೂ ಕಸಿಯಲಾರದು. ಅದು ಮನೆಯ ಕೈಯಲ್ಲಿದೆ.

ಆದುದರಿಂದ ನಮ್ಮ ಬಿನ್ನಹ ಇಷ್ಟೇ. ಪ್ರತಿಯೊಂದು ಮನೆಯಲ್ಲಿ ಒಂದು ವಹಿಯನ್ನು ಇಡಿರಿ. ಅಜ್ಜಿ, ಅತ್ತೆ, ಚಿಗವ್ವ ಯಾರಿಗೆ ಯಾವ ಹಾಡು ಬರುವುದೋ ಬರೆದುಕೊಳ್ಳಿರಿ. ಹಾಡಿನ ಜೊತೆಗೆ ಹಾಡಿದವರ ಹೆಸರು, ಅವರ ತವರೂರು, ಯಾವ ಕೆಲಸಕ್ಕೆ ಯಾವ ಹಬ್ಬಕ್ಕೆ ಹಾಡುತ್ತಿದ್ದರೆಂಬುದನ್ನೂ ಬರೆಯಿರಿ. ತೊಟ್ಟಿಲ ಬಳಿಯ ಮೊಬೈಲಿನಲ್ಲಿಯೇ ಅವರ ದನಿಯನ್ನು ಹಿಡಿದಿಡಬಹುದು. ಆಗ ಅದು ಕಳ್ಳನಾಗದೆ ಕಾವಲುಗಾರನಾದೀತು. ಹಲಸಂಗಿಯ ಗೆಳೆಯರ ಬಳಿ ಕಾಗದವೂ ಲೇಖಣಿಯೂ ಮಾತ್ರ ಇದ್ದುವು, ಅಷ್ಟರಲ್ಲಿಯೇ ಅವರು ಒಂದು ಸೀಮೆಯ ಹಾಡನ್ನು ಉಳಿಸಿದರು. ಬರುವ ವಾರ್ಷಿಕೋತ್ಸವದ ಹೊತ್ತಿಗೆ ಊರಿಗೆ ಒಂದು ವಹಿಯಾದರೂ ನಮ್ಮ ಸಂಘದ ಕಪಾಟಿಗೆ ಬಂದು ಸೇರಲಿ. ಮುಂದೆ ಈ ನೆಲದ ಮಗುವೊಂದು ದೊಡ್ಡದಾಗಿ ಎಲ್ಲಿಯೋ ದೂರದಲ್ಲಿ ಒಂದು ಹಾಡನ್ನು ಕೇಳಿ ಜತ್ತವನ್ನು ನೆನೆಯಬೇಕಾದರೆ, ಆ ಹಾಡನ್ನು ನಾವು ಇಂದು ಅದರ ಕಿವಿಗೆ ಹಾಕಿರಬೇಕು.